ಅಕ್ಕನ ಎರಡು ಬೈಠಕ್‌ಗಳು

ಅಕ್ಕನಿಗೆ ಮೊದಲ ಸಲ ಬೀದಿಯಲ್ಲಿ ಏಟು ಬಿದ್ದದ್ದು ಕಮಲನಗರದ ಸಂತೆಯ ದಿನ. ಹೊಡೆದವನು ಅವಳ ಗಂಡ. ಹೊಡೆದದ್ದು ಚಪ್ಪಲಿಯಿಂದ. ನಾನು ಅಲ್ಲಿರಲಿಲ್ಲ. ಆದರೆ ನೋಡಿದವರು ಬಹಳ ಮಂದಿ ಇದ್ದರು, ಆಮೇಲೆ ನಾನು ಕೇಳಿದಾಗ ಒಬ್ಬರ ವಿವರಕ್ಕೂ ಇನ್ನೊಬ್ಬರ ವಿವರಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಅವರು ಔರಾದ್‌ನಿಂದ ಬೈಕಿನಲ್ಲಿ ಬಂದಿದ್ದರು. ಹಾದಿ ಕೆಟ್ಟಿತ್ತು. ಪ್ರತಿ ಗುಂಡಿಗೂ ಅಕ್ಕನಿಗೆ ಒಂದಿಷ್ಟು ಮೂತ್ರ ಹೋಗುತ್ತಿತ್ತು. ಚಹಾ ಅಂಗಡಿಯ ಮುಂದೆ ಇಳಿದಾಗ ಸೀಟಿನ ಹಿಂಭಾಗ ಒದ್ದೆಯಾಗಿತ್ತು, ಸೀರೆಯೂ ಒದ್ದೆಯಾಗಿತ್ತು. ಭಾವನ ಗೆಳೆಯನೊಬ್ಬ ನೋಡಿದ.

"ಏನಪಾ, ಗಾಡಿ ಟಾಕಿ ಸೋರ್ಲತದೇನು?"

ಎಲ್ಲರೂ ನಕ್ಕರು. ಭಾವನೂ ನಕ್ಕ. ನಗುತ್ತಲೇ ಬಗ್ಗಿ ಎಡಗಾಲಿನ ಚಪ್ಪಲಿ ತೆಗೆದ. ಮೊದಲ ಏಟು ಕೆನ್ನೆಗೆ, ಎರಡನೆಯದು ಕಿವಿಗೆ. ಅಕ್ಕ ಕೆಳಗೆ ಕೂತಳು. ಕೂತಲ್ಲಿ ಮಣ್ಣು ಒದ್ದೆಯಾಯಿತು. ಅದನ್ನು ನೋಡಿ ಅವನು ಮತ್ತೆ ಹೊಡೆದ. ಹೊಡೆದಷ್ಟು ಹೋಯಿತು, ಹೋದಷ್ಟು ಹೊಡೆದ.

ನಾನು ಬೀದರಿನಲ್ಲಿ ಒಂದು ಕನ್ನಡ ಪತ್ರಿಕೆಗೆ ಅಪರಾಧ ಸುದ್ದಿ ಬರೆಯುತ್ತೇನೆ. ಬೆಳಿಗ್ಗೆ ಪೊಲೀಸ್ ಠಾಣೆಗಳು, ಆಮೇಲೆ ಆಸ್ಪತ್ರೆ, ಸಂಜೆ ಕಚೇರಿ. ಗಂಡ ಹೆಂಡತಿಯನ್ನು ಹೊಡೆದ ಸುದ್ದಿ ನಮ್ಮಲ್ಲಿ ಒಳಪುಟದಲ್ಲಿ ನಾಲ್ಕು ಸಾಲಾಗುತ್ತದೆ. ಕಾರಣ ಗೊತ್ತಾಗದಿದ್ದರೆ, ಅಥವಾ ಗೊತ್ತಾದ ಕಾರಣ ಅಚ್ಚು ಹಾಕುವಂಥದ್ದಲ್ಲದಿದ್ದರೆ, 'ಕ್ಷುಲ್ಲಕ ಕಾರಣಕ್ಕೆ' ಎಂದು ಬರೆಯುವುದು ರೂಢಿ. ಅಕ್ಕನ ಕಾರಣವನ್ನು ನಾನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅವಳ ಮಗಳು ಹುಟ್ಟಿದ ದಿನ ನಾನು ಹೆರಿಗೆ ಕೋಣೆಯ ಬಾಗಿಲಲ್ಲಿದ್ದೆ. ಕೂಸು ದೊಡ್ಡದಿತ್ತು, ಕೆಳಗಿಳಿಯಲಿಲ್ಲ. ಇಬ್ಬರು ಹೆಂಗಸರು ಎರಡೂ ಕಡೆ ನಿಂತು ಮೊಣಕೈಯಿಂದ ಅವಳ ಹೊಟ್ಟೆಯನ್ನು ಮೇಲಿನಿಂದ ಒತ್ತುತ್ತಿದ್ದರು. ಮೂರನೆಯವಳು ತೊಡೆಗೆ ಬಾರಿಸುತ್ತ, "ಜೋರ ಹಚ್ಚು, ಇನ್ನಾ ಜೋರ ಹಚ್ಚು, ಗಂಡನ ಸಂಗಾಟ ಮಕ್ಕೊಳ್ಳಾಗ ಗೊತ್ತಾಗಲಿಲ್ಲೇನು" ಎಂದು ಒದರುತ್ತಿದ್ದಳು. ಕೊನೆಗೆ ಕೂಸಿನ ತಲೆಗೆ ಚಿಮಟಾ ಹಾಕಿ ಎಳೆದರು. ಒಳಗೂ ಹೊರಗೂ ಹೊಲಿಗೆ ಬಿದ್ದವು. ಮನೆಗೆ ಬಂದ ಮೇಲೆ ಸೀನಿದರೆ ಹೋಗುತ್ತಿತ್ತು, ಕೊಡ ಎತ್ತಿದರೆ ಹೋಗುತ್ತಿತ್ತು. ನಕ್ಕರೂ ಹೋಗುತ್ತಿತ್ತು. ಆದ್ದರಿಂದ ಅಕ್ಕ ನಗುವುದನ್ನು ಕಡಿಮೆ ಮಾಡಿದಳು.

ಬಾಣಂತಿಯ ಹೊಟ್ಟೆಗೆ ಹಳೆಯ ನೂಲಿನ ಸೀರೆ ಬಿಗಿದು ಕಟ್ಟುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ತಿಂಗಳು, ಒಂದೂವರೆ ತಿಂಗಳು ಕಟ್ಟಿ ಬಿಡುತ್ತಾರೆ. ಅಕ್ಕನ ಅತ್ತೆ ಬಿಡಿಸಲಿಲ್ಲ. ಸೊಸೆಗೆ ಸೋರುತ್ತದೆ ಎಂದು ಗೊತ್ತಾದ ಮೇಲೆ ಇನ್ನಷ್ಟು ಬಿಗಿದಳು. ಸೊಸೆಯ ಸೊಂಟಕ್ಕೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಸೀರೆ ಜಗ್ಗಿ ಗಂಟು ಹಾಕುತ್ತಿದ್ದಳು.

"ನಡ ಸಡ್ಲಾಗ್ಯಾದ. ಮ್ಯಾಗ ಬಿಗದ್ರ ಕೆಳಗ ನಿಂದರ್ತದ" ಎನ್ನುವುದು ಅವಳ ಲೆಕ್ಕ.

ಚೀಲದ ಬಾಯಿ ಕಟ್ಟಿದರೆ ಜೋಳ ಚೆಲ್ಲುವುದಿಲ್ಲ ಎನ್ನುವಷ್ಟು ಸರಳವಾದ ಲೆಕ್ಕ. ಅಕ್ಕನೂ ಅದನ್ನು ನಂಬಿದ್ದಳು. ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಸೀರೆಯ ಒಳಗೆ ಆ ಕಟ್ಟು ಇತ್ತು. ಇದರ ಜೊತೆ ಇನ್ನೊಂದು ಉಪಾಯ, ನೀರು ಕುಡಿಯದಿರುವುದು. ಮಧ್ಯಾಹ್ನದವರೆಗೆ ಅವಳು ಗಂಟಲು ಒದ್ದೆ ಮಾಡಿಕೊಳ್ಳುತ್ತಿರಲಿಲ್ಲ. ಮೂತ್ರ ಕಡಿಮೆಯಾಗಲಿಲ್ಲ. ಉರಿ ಶುರುವಾಯಿತು, ವಾಸನೆ ಹೆಚ್ಚಿತು, ಅವಸರ ಇನ್ನೂ ಹೆಚ್ಚಿತು.

ಕಮಲನಗರದ ಸಂತೆಯ ಮರುದಿನ ಅವಳು ಮಗಳನ್ನು ಕರೆದುಕೊಂಡು ಭಾಲ್ಕಿಗೆ, ಅವ್ವನ ಮನೆಗೆ ಬಂದಳು. ಎಡಗಿವಿ ಊದಿತ್ತು. ಗಂಡನ ಮನೆಯವರು ಬೈಠಕ್ ಕರೆದರು.

ಬೈಠಕ್ ಎಂದರೆ ಎರಡೂ ಕಡೆಯ ಹಿರಿಯರು ಕೂತು ಮನೆಯ ಜಗಳ ತೀರಿಸುವುದು. ಠಾಣೆಗೆ ಹೋಗುವ ಮುಂಚೆ ಅದಾಗಲೇಬೇಕು. ಅದಕ್ಕೊಂದು ಕಟ್ಟುಪಾಡು ಇದೆ. ಯಾರ ವಿಷಯ ಮಾತಾಡುತ್ತಿದ್ದಾರೋ ಆ ಹೆಣ್ಣು ಎಲ್ಲರ ಎದುರಿಗೆ ನೆಲದ ಮೇಲೆ ಕೂತಿರಬೇಕು, ಮಾತು ಮುಗಿಯುವ ತನಕ ಏಳಬಾರದು. ಎದ್ದರೆ ಪಂಚರ ಮಾತಿಗೆ ಬೆನ್ನು ಕೊಟ್ಟಂತೆ, ಅಂದರೆ ತಪ್ಪು ಅವಳದೇ ಎಂದಂತೆ. ಗಂಡಸರು ಉಗುಳಲು, ಬೀಡಿ ಸೇದಲು, ಫೋನು ಬಂತೆಂದು ಹೊರಗೆ ಹೋಗಿ ಬರುತ್ತಿರುತ್ತಾರೆ. ಅದಕ್ಕೆ ಅಡ್ಡಿಯಿಲ್ಲ.

ಮೊದಲ ಬೈಠಕ್ ಔರಾದ್‌ನಲ್ಲಿ, ಭಾವನ ಮನೆಯ ಪಡಸಾಲೆಯಲ್ಲಿ ನಡೆಯಿತು. ಭಾತಂಬ್ರಾದಿಂದ ಬಂದ ಒಬ್ಬ ಮುದುಕರು ಹಿರಿಯರಾಗಿ ನಡುವೆ ಕೂತಿದ್ದರು. ಅವರನ್ನು ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ಅಕ್ಕನ ಪಕ್ಕ ಅವ್ವ, ಅವ್ವನ ಪಕ್ಕ ನಾನು.

ಅತ್ತೆ ಮೊದಲು ಮಾತಾಡಿದಳು. "ಬೀಮಾರಿ ಮುಚ್ಚಿಟ್ಟು ಕೊಟ್ಟಾರ್ರಿ ಮುತ್ಯಾ. ನಮ್ಮ ಕೌದಿ ಮೂಸಿ ನೋಡ್ರಿ ಬೇಕಾದ್ರ."

"ಬಂದಾಗ ನೆಟ್ಟಗೇ ಇದ್ಳು. ನಿಮ್ಮ ಮನೀ ಕೂಸು ಹಡದ ಮ್ಯಾಗ ಹಿಂಗಾಗ್ಯಾಳ" ಎಂದಳು ಅವ್ವ.

"ನಾವೂ ಹಡದೀವಲ್ಲ. ನಾವೇನು ಸಂತಿ ತುಂಬ ಮಾಡ್ಕೋತ ತಿರಗ್ತೀವೇನು?"

ಹೀಗೇ ಬಹಳ ಹೊತ್ತು ನಡೆಯಿತು. ಏಟಿನ ಮಾತು ಬಂದಾಗಲೆಲ್ಲ ಯಾರೋ ಒಬ್ಬರು ಬಿತ್ತನೆಯ ವಿಷಯ ತೆಗೆಯುತ್ತಿದ್ದರು. ಅತ್ತೆ ಚಹಾ ತಂದಳು, ಮತ್ತೆ ಚಹಾ ತಂದಳು. ಹಿರಿಯರ ಮುಂದೆ ಚಹಾ ಬೇಡ ಎನ್ನುವಂತಿಲ್ಲ. ಅಕ್ಕ ಕುಡಿದಳು. ಆಮೇಲೆ ಅವಳು ಎರಡೂ ತೊಡೆ ಒತ್ತಿ ಹಿಡಿದು ಕೂತದ್ದು ನನಗೆ ಕಂಡಿತು. ಹಣೆಯಲ್ಲಿ ಬೆವರಿತ್ತು. ಮುತ್ಯಾ ಕೇಳಿದರು, "ಏನಂತೀ ತಂಗಿ? ಹೊಂದ್ಕೊಂಡು ಹೋಗ್ತೀಯೇನು?"

"ಹೂಂ ರಿ" ಎಂದಳು. ಎಂದವಳೇ ಎದ್ದು ಹಿತ್ತಲಿಗೆ ಓಡಿದಳು.

ಸಕ್ಕರೆ ಹಂಚಿದರು. ರಾಜಿಯಾಯಿತು ಎಂಬುದಕ್ಕೆ ಅದೇ ಗುರುತು. ಹಿತ್ತಲಿಗೆ ಹೋಗಿ ನೋಡಿದರೆ ಅಕ್ಕ ಬಚ್ಚಲ ಗೋಡೆಗೆ ಒರಗಿ ಸೀರೆ ಹಿಂಡುತ್ತಿದ್ದಳು.

"ಯಾಕ ಹೂಂ ಅಂದಿ?" ಎಂದೆ.

"ಇನ್ನೊಂದು ಮಾತ ಆಡಿದ್ರ ಅಲ್ಲೇ ಹೋಗ್ತಿತ್ತು. ಆ ಮುದುಕಿಗೆ ಗೊತ್ತದ. ಅದಕ್ಕೇ ಚಾ ಮ್ಯಾಲ ಚಾ ತರ್ಲತಿದ್ಳು."

ಅಕ್ಕ ಔರಾದ್‌ನಲ್ಲೇ ಉಳಿದಳು. ಆ ಚಳಿಗಾಲ ಅವಳಿಗೆ ಕೆಮ್ಮು ಹತ್ತಿತು. ಕೆಮ್ಮಿದಾಗಲೆಲ್ಲ ಹಾಸಿಗೆ ಒದ್ದೆಯಾಗುತ್ತಿತ್ತು. ಒಂದು ಬೆಳಿಗ್ಗೆ ಅವಳು ಕೌದಿಯನ್ನು ಮನೆಯ ಮುಂದೆ ಬಿಸಿಲಿಗೆ ಹಾಕಿದಳು. ಹಿತ್ತಲಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ಹಾದಿಯಲ್ಲಿ ಹೋಗುವ ಯಾರೋ ಏನೋ ಅಂದರು. ಭಾವ ಅವಳನ್ನು ಒಳಗೆ ಎಳೆದು ಬಾಗಿಲು ಹಾಕಿದ. ನೀರಿನ ಮೋಟಾರಿಗೆ ಹಾಕಿ ಉಳಿದಿದ್ದ ಗಟ್ಟಿ ಪೈಪಿನ ತುಂಡು ತಂದ. ಅಕ್ಕ ತಲೆಗೆ ಅಡ್ಡ ಕೈ ಹಿಡಿದಳು. ಮಣಿಕಟ್ಟು ಮುರಿಯಿತು. ಮುಂದಿನ ಏಟಿಗೆ ಅಡ್ಡ ಹಿಡಿಯಲು ಕೈ ಏಳಲಿಲ್ಲ, ನೆತ್ತಿ ಒಡೆಯಿತು. ಬಿದ್ದ ಮೇಲೆ ಅವನು ಕಿಬ್ಬೊಟ್ಟೆಗೆ ಒದ್ದ. "ಎಲ್ಲಿಂದ ಬರ್ತದೋ ಅಲ್ಲೇ ಬಂದ್ ಮಾಡ್ತೀನಿ" ಎಂದನಂತೆ. ಪಕ್ಕದ ಮನೆಯವರು ಬಾಗಿಲು ಒಡೆದು ಒಳಗೆ ಬಂದರು.

ಬೀದರ್ ಆಸ್ಪತ್ರೆಯಲ್ಲಿ ಕೂರುವ ಪೊಲೀಸಿನವರಿಗೆ ನನ್ನ ಗುರುತಿದೆ. ಅವರಲ್ಲೊಬ್ಬರು ನನಗೆ ಫೋನು ಮಾಡಿದರು.

"ಮೇಡಮ್, ಔರಾದದಿಂದ ಒಂದು ಕೇಸ್ ಬಂದದ. ಗಂಡ ಹೊಡದಾನ ಅಂತಾರ. ಆಕಿ ಜಾರಿ ಬಿದ್ದೀನಿ ಅಂತಾಳ. ಬರ್ರಿ ಒಮ್ಮಿ. ಮಾರಿ ನಿಮ್ಮಂಗೇ ಕಾಣ್ತದ."

ಮುಖ ಗುರುತು ಸಿಗುವಷ್ಟು ಉಳಿದಿತ್ತು ಎಂಬುದು ಆ ಮಾತಿನಿಂದ ತಿಳಿಯಿತು. ನಾನು ಹೋದಾಗ ಹೊಲಿಗೆ ಹಾಕುತ್ತಿದ್ದರು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ. "ಹೊಡದ ಅಂದ್ರ ಯಾಕ ಹೊಡದ ಅಂತಾರ. ಅದನ್ನ ಗಂಡಸರ ಮುಂದ ಹ್ಯಾಂಗ ಹೇಳ್ಲಿ?" ಎಂದಳು. ಪೊಲೀಸರು ಅವಳು ಹೇಳಿದ್ದನ್ನೇ ಬರೆದುಕೊಂಡು ಹೋದರು.

ಪ್ಲಾಸ್ಟರ್ ತೆಗೆದ ಮೇಲೆ ಮಣಿಕಟ್ಟಿನ ವ್ಯಾಯಾಮಕ್ಕೆಂದು ಅವಳನ್ನು ಫಿಜಿಯೋಥೆರಪಿಗೆ ಕಳಿಸಿದರು. ಬೀದರಿನ ಹಳೆ ಊರಿನ ಮುಸ್ಲಿಂ ಮನೆತನದ ವೈದ್ಯೆ ಅಲ್ಲಿದ್ದರು. ಮನೆಮಾತು ದಖನಿ ಉರ್ದು, ಕನ್ನಡ ನಮ್ಮಷ್ಟೇ ಚೆನ್ನಾಗಿತ್ತು. ಕೈಯ ಜೊತೆ ಭುಜವನ್ನೂ ನೋಡಲು ಅಕ್ಕನನ್ನು ಮಲಗಿಸಿದಾಗ ಅವರ ಕೈಗೆ ಹೊಟ್ಟೆಯ ಕಟ್ಟು ತಾಗಿತು.

"ಇದೇನ್ ಕಟ್ಟೀರಿ ಅಕ್ಕಾ?"

ಬಿಚ್ಚಿಸಿದರು. ಗಂಟು ಇದ್ದ ಕಡೆ ಚರ್ಮ ಕಪ್ಪಾಗಿ ತಗ್ಗು ಬಿದ್ದಿತ್ತು. ಬಾಗಿಲು ಹಾಕಿಕೊಂಡು ಎಲ್ಲವನ್ನೂ ಕೇಳಿದರು. ಕೆಮ್ಮಲು ಹೇಳಿದರು. ಅಕ್ಕ ಕೆಮ್ಮಿದಳು, ಹೋಯಿತು. ವೈದ್ಯೆ ಮುಖ ಕಿವುಚಲಿಲ್ಲ. ಬಟ್ಟೆ ಕೊಟ್ಟರು.

"ಪೇಸ್ಟಿನ ಟ್ಯೂಬ್ ನಡಕ ಹಿಚುಕಿದ್ರ ಪೇಸ್ಟ್ ಎಲ್ಲಿಂದ ಬರ್ತದ?"

"ಬಾಯಿಂದ."

"ಅದೇ ಆಗ್ಯಾದ ನಿಮಗ. ಇದನ್ನ ಒಲಿಗಿ ಹಾಕ್ರಿ."

ಆಮೇಲೆ ವಿವರಿಸಿದರು. ಮೂತ್ರದ ಚೀಲ, ಗರ್ಭಕೋಶ, ಮಲದ ದಾರಿ, ಈ ಮೂರನ್ನೂ ಕೆಳಗಿನಿಂದ ಜೋಳಿಗೆಯಂತೆ ಎತ್ತಿ ಹಿಡಿಯುವ ಸ್ನಾಯುಗಳಿವೆ. ಹೆರಿಗೆಯಲ್ಲಿ ಅವು ಹರಿದು ಸಡಿಲಾಗಿವೆ. ಮೇಲಿನಿಂದ ಹೊಟ್ಟೆ ಬಿಗಿದರೆ ಭಾರವೆಲ್ಲ ಆ ಜೋಳಿಗೆಯ ಮೇಲೆ ಬೀಳುತ್ತದೆ. ಕೈಕಾಲಿನ ಸ್ನಾಯುಗಳಂತೆ ಇವಕ್ಕೂ ಕಸರತ್ತು ಕೊಡಬಹುದು. ಮೊಣಕಾಲು ಮಡಿಸಿ ಮಲಗಿ, ಕೆಳಗಿನ ಭಾಗವನ್ನು ಒಳಗೆ ಮೇಲಕ್ಕೆ ಎತ್ತಿ ಹಿಡಿಯಬೇಕು, ಉಸಿರಾಡುತ್ತಿರಬೇಕು, ಆಮೇಲೆ ಪೂರ್ತಿ ಬಿಡಬೇಕು.

"ಮಾಡ್ರಿ ನೋಡೋಣ."

ಅಕ್ಕ ಉಸಿರು ಕಟ್ಟಿದಳು. ಮುಖ ಕೆಂಪಾಯಿತು, ಕುತ್ತಿಗೆಯ ನರ ಎದ್ದವು.

"ಇಲ್ಲ ಇಲ್ಲ, ಬಿಡ್ರಿ! ಇದು ಹಡಿಯೂದು. ನಾ ಹೇಳಿದ್ದು ಇದರ ಉಲ್ಟಾ."

"ಆ ಜಾಗಕ್ಕ ಜನಮದಾಗ ಒಬ್ಬರು ಹೇಳಿದ್ದಂದ್ರ ಅದೊಂದೇ ಮಾತ ಡಾಕ್ಟರಬಾಯಿ. ಜೋರ ಹಚ್ಚು ಅಂತ" ಎಂದಳು ಅಕ್ಕ.

ವೈದ್ಯೆ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತರು. ಆಮೇಲೆ, "ಹಿಂಗ ತಿಳ್ಕೊರಿ. ನಾಕ ಮಂದಿ ಹಿರೇರ ಮುಂದ ಕುಂತೀರಿ. ಹೂಸ ಬರ್ಲತದ. ಏನ್ ಮಾಡ್ತೀರಿ?" ಎಂದರು.

ಅಕ್ಕ ನಕ್ಕಳು. ನಕ್ಕಾಗ ಮತ್ತೆ ಒಂದಿಷ್ಟು ಹೋಯಿತು. ಆದರೆ ಆ ಸಲ ಎತ್ತಿ ಹಿಡಿಯುವುದು ಹೇಗೆಂದು ಅವಳ ಮೈಗೆ ತಿಳಿಯಿತು.

ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬಾರದು, ಕೆಮ್ಮು ಸೀನು ಬರುವ ಮುಂಚೆ ಬಿಗಿ ಹಿಡಿಯಬೇಕು, ಮಲ ಕಟ್ಟಬಾರದು, ಚಹಾ ಕಡಿಮೆ ಮಾಡಿ ನೀರು ಕುಡಿಯಬೇಕು ಎಂದರು. ಅವಸರ ಬಂದಾಗ ಓಡಬಾರದು ಎಂಬುದು ಅಕ್ಕನಿಗೆ ಹೊಸದು. "ಕೂತಲ್ಲೇ ಕೂಡ್ರಿ. ಬಿಗಿ ಹಿಡೀರಿ, ಬಿಡ್ರಿ, ಮತ್ತ ಹಿಡೀರಿ. ಅಡ್ಡಮಳಿ ಹಂಗ ಬಂದು ಹೋಗ್ತದ ಅದು. ಹೋದ ಮ್ಯಾಗ ಸಾವಕಾಶ ಎದ್ದು ನಡೀರಿ." ಒಂದೆರಡು ವಾರದ ಮಾತಲ್ಲ, ತಿಂಗಳುಗಟ್ಟಲೆ ಬಿಡದೆ ಮಾಡಬೇಕು ಎಂದೂ ಹೇಳಿದರು.

ಅಕ್ಕ ಆ ತಿಂಗಳುಗಳನ್ನು ಭಾಲ್ಕಿಯಲ್ಲಿ ಕಳೆದಳು. ಅವ್ವನಿಗೆ ಮೊದಲು ನಂಬಿಕೆ ಬರಲಿಲ್ಲ.

"ಮಕ್ಕೊಂಡು ಮಾಡೂ ಕಸರತ್ತು ಎಲ್ಲೂ ಕೇಳಿಲ್ಲವ್ವ. ನೆಲಾ ಒರಸು, ತಾನೇ ಗಟ್ಟಿ ಆಗ್ತದ."

"ನೀ ಒರಸೀದಿ, ನಿಂದು ಗಟ್ಟಿ ಅದ ಏನು?"

ಅವ್ವ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ನನಗೂ ಹೋಗ್ತದ. ನಾ ಏನು ಡಂಗುರ ಹೊಡದೀನೇನು?" ಎಂದಳು. ಕೆಲವು ದಿನಗಳ ನಂತರ ನಾನು ಬೀದರಿನಿಂದ ಹೋದಾಗ ಇಬ್ಬರೂ ಚಾಪೆಯ ಮೇಲೆ ಮೊಣಕಾಲು ಮಡಿಸಿ ಪಕ್ಕಪಕ್ಕ ಮಲಗಿದ್ದರು. ಯಾರು ಏನು ಮಾಡುತ್ತಿದ್ದಾರೆಂದು ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಬೇಸಿಗೆಯ ಹೊತ್ತಿಗೆ ಅಕ್ಕನಿಗೆ ಕೆಮ್ಮಿದರೆ ಹೋಗುವುದು ನಿಂತಿತು. ತುಂಬಿದ ಕೊಡ ಎತ್ತಿದರೆ ಮಾತ್ರ ಹೋಗುತ್ತಿತ್ತು, ಹಾಗಾಗಿ ಅರ್ಧ ಕೊಡ ಎತ್ತುತ್ತಿದ್ದಳು.

ಆಗ ಗಂಡನ ಮನೆಯವರು ಎರಡನೆಯ ಬೈಠಕ್‌ಗೆ ಹೇಳಿಕಳಿಸಿದರು. ಈ ಸಲ ಭಾಲ್ಕಿಯಲ್ಲಿ, ನಮ್ಮ ಅಂಗಳದಲ್ಲಿ. ಅದೇ ಮುತ್ಯಾ, ಅದೇ ಅತ್ತೆ. ನಮ್ಮ ಕಡೆಯಿಂದ ಸೋದರಮಾವ. ಬೆಳಗಿನಿಂದ ಅಕ್ಕ ಹೆಚ್ಚು ಮಾತಾಡಿರಲಿಲ್ಲ. ಈ ಸಲ ಹೂಂ ಎಂದು ಎದ್ದರೆ ಆ ಮನೆಗೆ ಹೋಗಬೇಕು, ಹೋದರೆ ಹೆಣವಾಗಿಯೇ ಹೊರಗೆ ಬರುವುದು ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಭಾವ ಇಸ್ತ್ರಿ ಅಂಗಿ ಹಾಕಿ ಬಂದಿದ್ದ. "ಇನ್ ಮ್ಯಾಲ ಕೈ ಹಚ್ಚೂದಿಲ್ಲರಿ ಮುತ್ಯಾ. ಸಿಟ್ಟಿನ್ಯಾಗ ಆಗ್ಯಾದ."

"ಸಿಟ್ಟು ಎಲ್ಲಾರಿಗೂ ಬರ್ತದ" ಎಂದಳು ಅತ್ತೆ.

ಮಾತು ಹಿಂದಿನಂತೆಯೇ ಜಗ್ಗಿತು. ಮಳೆ, ಸೋಯಾ, ಯಾರದೋ ಮದುವೆ. ಅತ್ತೆ ನಮ್ಮ ಅಡುಗೆಮನೆಯ ಕಡೆ ತಿರುಗಿ, "ಬೀಗತಿ, ಚಾ ಮಾಡೂದಿಲ್ಲೇನು?" ಎಂದಳು. ಅವ್ವ ಮಾಡಿದಳು. ಅಕ್ಕನ ಮುಂದಿಟ್ಟ ಕಪ್ಪನ್ನು ಅಕ್ಕ ನನ್ನ ಕಡೆ ಸರಿಸಿದಳು. ನಾನು ಕುಡಿದೆ. ಅತ್ತೆ ಅದನ್ನು ನೋಡಿದಳು.

ಬಿಸಿಲು ಗೋಡೆ ಇಳಿದು ಜಮಖಾನದ ಮೇಲೆ ಬರುವ ಹೊತ್ತಿಗೆ ಅವಸರ ಬಂತು. ಅಕ್ಕನ ಬೆರಳು ಮೊಣಕಾಲನ್ನು ಒತ್ತಿ ಹಿಡಿದದ್ದರಿಂದ ನನಗೆ ತಿಳಿಯಿತು. ಅವಳು ಅಲ್ಲಾಡಲಿಲ್ಲ. ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆರಳು ಸಡಿಲಾದವು.

"ಮುತ್ಯಾ, ನಾ ಹೇಳ್ತೇನಿ ಈಗ" ಎಂದಳು. "ನಾ ಔರಾದಕ್ಕ ಬರೂದಿಲ್ಲ. ಕೂಸೂ ಬರೂದಿಲ್ಲ. ನಾ ಜಾರಿ ಬಿದ್ದಿದ್ದಿಲ್ಲ. ಇವ ಪೈಪಿನಿಂದ ಹೊಡದಾನ."

ಭಾವ ಎದ್ದದ್ದನ್ನು ಎಲ್ಲರೂ ನೋಡಿದರು. ನೀರು ಕೊಡಲು ಹೊರಟಿದ್ದಾನೆ ಎಂಬಂತೆ ತಂಬಿಗೆ ಕೈಗೆತ್ತಿಕೊಂಡ. ತುಂಬಿದ ಸ್ಟೀಲಿನ ತಂಬಿಗೆ. ಅದನ್ನು ಅಕ್ಕನ ತಲೆಗೆ, ಹಳೆಯ ಹೊಲಿಗೆಯ ಮೇಲೆ, ಪೂರ್ತಿ ತೋಳು ಬೀಸಿ ಹೊಡೆದ. ಆ ಸಪ್ಪಳ ಟೊಳ್ಳಾಗಿರಲಿಲ್ಲ. ರಕ್ತ ಕಿವಿಯ ಹಿಂದಿನಿಂದ ಇಳಿದು ರವಿಕೆಗೆ ಬಂತು. ಎರಡನೆಯ ಏಟು ನನ್ನ ಭುಜಕ್ಕೆ ಬಿತ್ತು. ಸೋದರಮಾವ ಅವನ ಕುತ್ತಿಗೆ ಹಿಡಿದ. ಇಬ್ಬರೂ ಬಿದ್ದರು. ನಮ್ಮ ಕಡೆಯ ಇನ್ನಿಬ್ಬರು ಅವನ ಮೇಲೆ ಬಿದ್ದು ಮುಖಕ್ಕೆ ಗುದ್ದಿದರು. ಅವನ ಬಾಯಿಂದಲೂ ರಕ್ತ ಬಂತು.

ಅಕ್ಕ ಕೂತೇ ಇದ್ದಳು. ಅವಳ ಸುತ್ತ ಜಮಖಾನ ಒದ್ದೆಯಾಗಿತ್ತು. ತಂಬಿಗೆಯ ನೀರು ಆಚೆ ಬದಿಗೆ ಚೆಲ್ಲಿತ್ತು. ಇದು ಆ ನೀರಲ್ಲ ಎಂದು ಎಲ್ಲರಿಗೂ ಕಂಡಿತು.

"ನೋಡ್ರಿ! ನೋಡ್ರಿ! ನಾ ಹೇಳಿದ್ದಿಲ್ಲೇನು!" ಎಂದು ಅತ್ತೆ ಕೈ ತೋರಿಸಿ ಒದರಿದಳು.

ಗುದ್ದಾಡುತ್ತಿದ್ದವರೂ ನಿಂತರು. ಮುತ್ಯಾ ಮುಖ ಆಚೆ ತಿರುಗಿಸಿ, "ಎದ್ದು ಒಳಗ ಹೋಗವ್ವಾ" ಎಂದರು.

"ಏಳೂದಿಲ್ಲರಿ. ಮಾತು ಮುಗದಿಲ್ಲ." ಅಕ್ಕನ ದನಿ ಏರಲಿಲ್ಲ. "ಹೌದು, ಉಚ್ಚಿನೇ ಇದು. ಮುಂಜಾನಿಂದ ಕುಂತೀನಿ, ಹೋಗಿದ್ದಿಲ್ಲ. ಇವ ಹೊಡದ, ಹೋತು. ತಲಿ ಒಡದ್ರ ನಿಮಗೂ ಹೋಗ್ತದ. ಇದಕ್ಕ ಹೊಡೀತಾನ ಇವ, ಬ್ಯಾರೆ ಏನೂ ಇಲ್ಲ. ಹೋದ ಸಲ ಇದಕ್ಕೇ ನಾ ಹೂಂ ಅಂದೆ. ಈ ಸಲ ಇಲ್ಲ ಅನ್ಲತೀನಿ. ಎಲ್ಲಾರೂ ಕೇಳ್ರಿ."

ಸೋದರಮಾವ ಮತ್ತೆ ಭಾವನ ಕಡೆ ಹೊರಳಿದ.

"ಬಿಡ ಮಾಮಾ ಅವಂಗ" ಎಂದಳು ಅಕ್ಕ. "ಅವನ ಹಲ್ಲು ಮುರದ್ರ ನನ್ನ ಕೇಸ್ ಮುರೀತದ."

ಮುತ್ಯಾ ಜಮಖಾನದಿಂದ ಎದ್ದರು. ರುಮಾಲು ಸರಿಪಡಿಸಿಕೊಂಡರು. "ಇದು ನಮ್ಮ ಕೈಯಾಗಿನ ಮಾತಲ್ಲ ಈಗ. ಠಾಣಾಕ್ಕ ಹೋಗ್ರಿ. ಕೇಳಿದ್ರ ನಾ ಕಂಡಿದ್ದು ಹೇಳ್ತೇನಿ" ಎಂದರು. ಮಾತಿನಂತೆ ಅವರು ಹೇಳಿದರು ಕೂಡ.

ಹಿರಿಯರು ಎದ್ದ ಮೇಲೆ ಅಕ್ಕ ಎದ್ದಳು. ಸೀರೆ ಬದಲಿಸಿದಳು. ರಕ್ತವಾದ ರವಿಕೆಯನ್ನು ಬದಲಿಸಲು ನಾನು ಬಿಡಲಿಲ್ಲ. ತಲೆಗೆ ಟವೆಲು ಸುತ್ತಿ ಆಟೋದಲ್ಲಿ ಕೂತೆವು.

ಈ ಸುದ್ದಿಯನ್ನು ನಾನು ಪತ್ರಿಕೆಗೆ ಬರೆಯಲಿಲ್ಲ. ರಕ್ತ ಸಂಬಂಧಿಕರ ಸುದ್ದಿಯನ್ನು ಬೇರೆಯವರು ಬರೆಯಬೇಕು ಎಂಬುದು ನಮ್ಮ ಕಚೇರಿಯ ನಿಯಮ. ಪ್ರಕರಣ ಇನ್ನೂ ನಡೆದಿದೆ. ಅಕ್ಕ ಭಾಲ್ಕಿಯಲ್ಲೇ ಇದ್ದಾಳೆ. ಜೋರು ಸೀನು ಬಂದರೆ ಈಗಲೂ ಒಮ್ಮೊಮ್ಮೆ ಹೋಗುತ್ತದೆ. ಬೈದುಕೊಂಡು ಸೀರೆ ಬದಲಿಸುತ್ತಾಳೆ.

ಆ ದಿನ ಠಾಣೆಯಲ್ಲಿ ಅವಳ ಹೇಳಿಕೆ ತೆಗೆದುಕೊಂಡವಳು ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳಾದ ಮಹಿಳಾ ಪೊಲೀಸ್. ಎದುರಿನ ಮೇಜಿನಲ್ಲಿ ಇಬ್ಬರು ಗಂಡಸರು ಕೂತಿದ್ದರು. ಯಾವಾಗ, ಎಲ್ಲಿ, ಯಾವುದರಿಂದ ಎಂದು ಕೇಳಿ ಬರೆದಳು. ಆಮೇಲೆ, "ಯಾಕ ಹೊಡದ?" ಎಂದಳು.

ಅಕ್ಕ ಗಂಡಸರ ಕಡೆ ಒಮ್ಮೆ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

"ಕೂಸು ಹಡದ ಮ್ಯಾಗ ನನಗ ಉಚ್ಚಿ ತಡಿಯಾಂಗಿಲ್ಲರಿ. ಅದಕ್ಕ."

ಪೆನ್ನು ನಿಂತಿತು. "ಇಷ್ಟಕ್ಕೇ ಹೊಡೀತಾರೇನ್ರಿ?"

"ನನಗ ಹೊಡದಾನ. ಬರಕೊಳ್ರಿ."

ಅವಳು ಬರೆದುಕೊಂಡಳು.